ಜಿಮ್ ಸೈಕಲ್ ಮೇಲೆ ದಮ್ಮು ಕಟ್ಟುವವರೆಗೆ: ಹುಬ್ಬಳ್ಳಿ-ಧಾರವಾಡದವರು ಪದೇ ಪದೇ ಕೇಳುವ ಪ್ರಶ್ನೆಗಳು

ವಿದ್ಯಾನಗರದ ಕಡೆ ಬೆಳಗ್ಗೆ ಒಂದು, ಸಂಜೆ ಒಂದು ಸೈಕಲ್ ಬ್ಯಾಚ್ ನಡೆಸುತ್ತೇನೆ. ಹೊಸಬರು ಕೇಳುವುದು ಹೆಚ್ಚೂ ಕಡಿಮೆ ಇವೇ ಪ್ರಶ್ನೆಗಳು. ಕೆಲವಕ್ಕೆ ಉತ್ತರ ಉದ್ದ, ಕೆಲವಕ್ಕೆ ಎರಡೇ ಮಾತು. ಎಲ್ಲ ಓದಲು ಟೈಮ್ ಇಲ್ಲದಿದ್ದರೆ ಎರಡನೇ ಪ್ರಶ್ನೆ ಮತ್ತು ನೋವಿನ ಬಗ್ಗೆ ಇರುವ ಪ್ರಶ್ನೆ, ಇವೆರಡನ್ನಾದರೂ ಓದಿ.

ಹೊರಗೆ ಇಷ್ಟು ರಸ್ತೆ ಇರುವಾಗ ನಾಲ್ಕು ಗೋಡೆ ನಡುವೆ ಯಾಕೆ ಸೈಕಲ್ ತುಳಿಯಬೇಕು?

ಹೊರಗೂ ತುಳಿಯಿರಿ. ಭಾನುವಾರ ಬೆಳಗ್ಗೆ ಕೆಲಗೇರಿ ಕೆರೆ ಕಡೆಗೋ ಕಲಘಟಗಿ ರಸ್ತೆಗೋ ಹೋಗಿ ಬರುವ ಖುಷಿ ಜಿಮ್‌ನಲ್ಲಿ ಸಿಗುವುದಿಲ್ಲ. ಆದರೆ ನಾಲ್ಕು ನಿಮಿಷ ಬಿಡದೆ ಜೋರಾಗಿ ತುಳಿಯಬೇಕು ಅಂದರೆ ನಾಲ್ಕು ನಿಮಿಷದ ಖಾಲಿ ರಸ್ತೆ ಬೇಕು. ಉಣಕಲ್‌ನಿಂದ ನವನಗರದವರೆಗೆ ಅದನ್ನು ಹುಡುಕಿ ನೋಡಿ. ಸಿಗ್ನಲ್, ಆಟೋ, ಅಡ್ಡ ಬರುವ ದನ, ಧೂಳು. ಧಾರವಾಡದಲ್ಲಾದರೆ ಜುಲೈ ಪೂರ್ತಿ ಜಿಟಿಜಿಟಿ ಮಳೆ. ಏದುಸಿರು ಬಿಡುವಾಗ ತಲೆ ತಾನಾಗಿಯೇ ಕೆಳಗೆ ಬಾಗುತ್ತದೆ, ಗಮನವೆಲ್ಲ ಕಾಲಿನ ಮೇಲಿರುತ್ತದೆ. ಅಂಥ ಹೊತ್ತಿನಲ್ಲಿ ಎದುರಿಗೆ ಲಾರಿ ಇರಬಾರದು, ಅಷ್ಟೇ.

ದಿನಾ 40 ನಿಮಿಷ ತುಳಿಯುತ್ತೇನೆ, ಬೆವರಲ್ಲಿ ತೊಯ್ದು ಹೋಗುತ್ತೇನೆ. ಆದರೂ ಎಲ್ಲಿದ್ದೆನೋ ಅಲ್ಲೇ ಇದ್ದೇನೆ. ಯಾಕೆ?

ದಿನಾ ನಡುವಿನ ಗೇರಿನಲ್ಲೇ ತುಳಿಯುತ್ತಿದ್ದೀರಿ, ಅದಕ್ಕೆ. ಸುಸ್ತಾಗುವಷ್ಟು ಜೋರು ಹೌದು, ದೇಹ ಬದಲಾಗುವಷ್ಟು ಜೋರು ಅಲ್ಲ.

ಮೊದಲ ತಿಂಗಳು ಏನು ಮಾಡಿದರೂ ಫಲ ಸಿಗುತ್ತದೆ. ಆಮೇಲೆ ದೇಹ ಆ ಕೆಲಸಕ್ಕೆ ಒಗ್ಗಿಕೊಳ್ಳುತ್ತದೆ. ಅದೇ ಸೈಕಲ್, ಅದೇ ಲೋಡ್, ಅದೇ ಹಾಡುಗಳ ಪಟ್ಟಿ. ಹೃದಯಕ್ಕೆ ಹೊಸದಾಗಿ ಕಲಿಯುವುದು ಏನೂ ಉಳಿದಿರುವುದಿಲ್ಲ. ಒಂದು ಬಡಿತಕ್ಕೆ ಹೆಚ್ಚು ರಕ್ತ ತಳ್ಳುವುದನ್ನು ಹೃದಯ ಕಲಿಯಬೇಕಾದರೆ, ತೊಡೆಯ ಸ್ನಾಯು ಹೆಚ್ಚು ಆಮ್ಲಜನಕ ಬಳಸುವುದನ್ನು ಕಲಿಯಬೇಕಾದರೆ, ಅವು ತಮ್ಮ ಮಿತಿಯ ಹತ್ತಿರ ಒಂದಿಷ್ಟು ನಿಮಿಷ ಇರಬೇಕು. ನಡುವಿನ ಗೇರು ಅಲ್ಲಿಗೆ ಮುಟ್ಟಿಸುವುದಿಲ್ಲ. ಜೊತೆಗೆ ದಿನಾ ಅರ್ಧ ಸುಸ್ತಾದ ಕಾಲು, ನಾಳೆ ಬೇಕೆಂದರೂ ಅಲ್ಲಿಗೆ ಮುಟ್ಟಲು ಬಿಡುವುದಿಲ್ಲ.

ಹೀಗಾಗಿ ನಮ್ಮ ಬ್ಯಾಚಿನಲ್ಲಿ ವಾರಕ್ಕೆ ಎರಡು ದಿನ ಮಾತ್ರ ಗಟ್ಟಿ ವರ್ಕೌಟ್. ಉಳಿದ ದಿನ ನಾಚಿಕೆ ಬರುವಷ್ಟು ಹಗುರ. ಇದನ್ನು ಹೇಳಿದರೆ ತುಂಬ ಜನ ಒಪ್ಪುವುದಿಲ್ಲ. ಗಟ್ಟಿ ದಿನ ಹೇಗೋ ಮಾಡುತ್ತಾರೆ, ಹಗುರ ದಿನ ಮಾಡಲು ಆಗುವುದಿಲ್ಲ. ಪಕ್ಕದ ಸೈಕಲ್‌ನವರು ಜೋರಾಗಿ ತುಳಿದರೆ ಕೈ ತಾನಾಗಿ ಲೋಡ್ ಏರಿಸುವ ನಾಬ್ ಮೇಲೆ ಹೋಗುತ್ತದೆ. ನಮ್ಮ ಗರಡಿ ಮನೆಗಳನ್ನೇ ನೋಡಿ. ಜಾತ್ರೆಯ ಕಣದಲ್ಲಿ ಹಿಡಿಯುವ ಹಾಗೆ ದಿನಾ ಕುಸ್ತಿ ಹಿಡಿಯುವ ಪೈಲ್ವಾನರು ಯಾರಿದ್ದಾರೆ?

ಬೆವರಿನ ಮಾತಂತೂ ಬಿಡಿ. ಏಪ್ರಿಲ್‌ನಲ್ಲಿ ಕಿಟಕಿ ಮುಚ್ಚಿದ ರೂಮಿನಲ್ಲಿ ಸುಮ್ನೆ ಕೂತರೂ ಬೆವರು ಬರುತ್ತದೆ. ಅದು ಸೆಕೆಯ ಲೆಕ್ಕ, ಶ್ರಮದ್ದಲ್ಲ.

ಗಟ್ಟಿ ವರ್ಕೌಟ್, ಹೈ ಇಂಟೆನ್ಸಿಟಿ ಅಂದರೆ ಎಷ್ಟು ಜೋರು? ನನ್ನ ಹತ್ತಿರ ವಾಚ್ ಗೀಚ್ ಏನೂ ಇಲ್ಲ.

ವಾಚ್ ಬೇಡ, ಬಾಯಿ ಸಾಕು. ಫೋನಿನಲ್ಲಿ ಆರಾಮಾಗಿ ಹರಟೆ ಹೊಡೆಯಬಹುದು ಅಂದರೆ ಹಗುರ. ಒಂದು ವಾಕ್ಯ ಹೇಳಿ ಉಸಿರು ತೆಗೆದುಕೊಳ್ಳಬೇಕಾದರೆ ಮಧ್ಯಮ. ‘ಸಾಕ್ರೀ’ ‘ನೀರು’ ಇಷ್ಟೇ ಹೊರಡುತ್ತದೆ ಅಂದರೆ ಗಟ್ಟಿ.

ಸ್ವೀಡನ್ನಿನ ಮನಶ್ಶಾಸ್ತ್ರಜ್ಞ ಗುನ್ನಾರ್ ಬೋರ್ಗ್ ಶ್ರಮ ಅಳೆಯಲು 6ರಿಂದ 20ರವರೆಗಿನ ಒಂದು ಅಳತೆ ಮಾಡಿದ್ದರು. ಅಂಕಿಗೆ ಒಂದು ಸೊನ್ನೆ ಸೇರಿಸಿದರೆ ಹರೆಯದ ಹುಡುಗರ ಹೃದಯ ಬಡಿತ ಹೆಚ್ಚೂ ಕಡಿಮೆ ಬರಲಿ ಅಂತ ಆ ವಿಚಿತ್ರ ಅಂಕಿಗಳು. ನಾವು ಸುಲಭಕ್ಕೆ 1ರಿಂದ 10 ಬಳಸುತ್ತೇವೆ. ಹಗುರ ದಿನ 3. ನಾಲ್ಕು ನಿಮಿಷದ ಇಂಟರ್ವಲ್, ಅಂದರೆ ಹಗುರ ತುಳಿತದ ನಡುವೆ ಬರುವ ಗಟ್ಟಿ ತುಂಡು, 8. ಮೂವತ್ತು ಸೆಕೆಂಡಿನದ್ದು 9. ಹತ್ತು ಅಂದರೆ ಇನ್ನೊಂದು ಸುತ್ತು ಪೆಡಲ್ ತಿರುಗದ ಸ್ಥಿತಿ. ಅಲ್ಲಿಗೆ ಯಾರೂ ಹೋಗಬೇಕಿಲ್ಲ.

ವಾಚ್ ಇದ್ದವರಿಗೆ ಎರಡು ಮಾತು. ‘220ರಲ್ಲಿ ವಯಸ್ಸು ಕಳೆಯಿರಿ’ ಅನ್ನುವ ಸೂತ್ರ ಬರೀ ಅಂದಾಜು. 2001ರಲ್ಲಿ ಬಂದ ಇನ್ನೊಂದು ಸೂತ್ರ ಇದೆ: ವಯಸ್ಸನ್ನು 0.7ರಿಂದ ಗುಣಿಸಿ 208ರಲ್ಲಿ ಕಳೆಯುವುದು. 40ನೇ ವಯಸ್ಸಿಗೆ ಎರಡೂ 180 ಅನ್ನುತ್ತವೆ. 60ಕ್ಕೆ ಒಂದು 160 ಅನ್ನುತ್ತದೆ, ಇನ್ನೊಂದು 166. ನಿಮ್ಮ ನಿಜವಾದ ಗರಿಷ್ಠ ಬಡಿತ ಇದಕ್ಕಿಂತ ಹತ್ತು ಆಚೆ ಈಚೆ ಇರಬಹುದು. ಎರಡನೆಯದು, ಹೃದಯ ಬಡಿತ ಏರಲು ಟೈಮ್ ತೆಗೆದುಕೊಳ್ಳುತ್ತದೆ. ಇಪ್ಪತ್ತು ಸೆಕೆಂಡಿನ ಸ್ಪ್ರಿಂಟ್ ಮುಗಿದ ಮೇಲೆಯೇ ವಾಚಿನ ಅಂಕಿ ಮೇಲೆ ಹೋಗುವುದು. ಚಿಕ್ಕ ಇಂಟರ್ವಲ್‌ನಲ್ಲಿ ಅದನ್ನು ನೋಡುತ್ತಾ ತುಳಿದರೆ ಸುಮ್ನೆ ಗೊಂದಲ.

ಯೂಟ್ಯೂಬ್‌ನಲ್ಲಿ ‘4 ನಿಮಿಷದ ತಬಾಟಾ ಸಾಕು’ ಅನ್ನುತ್ತಾರೆ. ನಿಜವಾ?

ಅರ್ಧ ನಿಜ. ಜಪಾನಿನ ಇಜುಮಿ ತಬಾಟಾ ಮತ್ತು ಜೊತೆಯವರು 1996ರಲ್ಲಿ ಈ ಅಧ್ಯಯನ ಪ್ರಕಟಿಸಿದರು. 20 ಸೆಕೆಂಡ್ ತುಳಿ, 10 ಸೆಕೆಂಡ್ ನಿಲ್ಲು, ಹೀಗೆ ಏಳೆಂಟು ಸಲ. ಮಾಡಿಸಿದ್ದೂ ನಿಂತಲ್ಲೇ ತುಳಿಯುವ ಸೈಕಲ್ ಮೇಲೆಯೇ. ಆರು ವಾರದಲ್ಲಿ ತುಳಿದವರ ದಮ್ಮೂ ಏರಿತು, ಸ್ಪ್ರಿಂಟ್ ತಾಕತ್ತೂ ಏರಿತು.

ವಿಡಿಯೋದವರು ಹೇಳದ ಉಳಿದರ್ಧ ಹೀಗಿದೆ. ಒಬ್ಬರು ಗರಿಷ್ಠ ಆಮ್ಲಜನಕ ಬಳಸುವಾಗ ಎಷ್ಟು ಶಕ್ತಿ ಹಾಕುತ್ತಾರೋ ಅದರ 170 ಪ್ರತಿಶತ ಲೋಡ್ ಇಟ್ಟಿದ್ದರು. ಎಂಟನೇ ಸಲಕ್ಕೆ ಕಾಲು ನಿಂತೇ ಹೋಗಬೇಕು, ಲೆಕ್ಕ ಅದು. ತುಳಿದವರು ದೈಹಿಕ ಶಿಕ್ಷಣ ಓದುತ್ತಿದ್ದ ಹುಡುಗರು. ವಾರಕ್ಕೆ ಐದು ದಿನ ಮಾಡಿದರು, ವಾರ್ಮಪ್ ಬೇರೆ. ಎಂಟು ಸುತ್ತು ಮುಗಿಸಿ ಸೆಲ್ಫಿ ತೆಗೆದುಕೊಳ್ಳುವಷ್ಟು ಉಸಿರು ಉಳಿದಿದ್ದರೆ ನೀವು ಮಾಡಿದ್ದು ತಬಾಟಾ ಅಲ್ಲ. ಹಾಗಂತ ಕೆಟ್ಟದ್ದೇನೂ ಅಲ್ಲ. ಆದರೆ ಹೊಸಬರಿಗೆ ನಾನು ಇದನ್ನು ಕೊಡುವುದಿಲ್ಲ.

ಹಾಗಾದರೆ ಯಾವುದರಿಂದ ಶುರು ಮಾಡಲಿ?

ಮೊದಲು ಎರಡು ಮೂರು ವಾರ ಬರೀ ಹಗುರ. ಸೀಟಿಗೆ ಮೈ ಒಗ್ಗಲಿ. ನಂಬಿ, ಮೊದಲ ವಾರ ಕಾಲಿಗಿಂತ ಕುಂಡಿಯೇ ಜಾಸ್ತಿ ನೋಯುತ್ತದೆ.

ಆಮೇಲೆ 1 ನಿಮಿಷ ಗಟ್ಟಿ, 2 ನಿಮಿಷ ಹಗುರ, ಆರು ಸಲ. ಇದು ಸಲೀಸಾದ ಮೇಲೆ 2 ನಿಮಿಷ ಗಟ್ಟಿ, 2 ನಿಮಿಷ ಹಗುರ, ಐದು ಸಲ. ಅಲ್ಲಿಂದ 4 ನಿಮಿಷಕ್ಕೆ. ನಾರ್ವೆಯ ಟ್ರಾಂಡ್‌ಹೈಮ್‌ನ ಸಂಶೋಧಕರು ಹೆಸರುವಾಸಿ ಮಾಡಿದ ನಾಲ್ಕು-ನಾಲ್ಕು ಅದು: ಗರಿಷ್ಠ ಬಡಿತದ 90ರಿಂದ 95 ಪ್ರತಿಶತದಲ್ಲಿ ನಾಲ್ಕು ನಿಮಿಷ, ನಡುವೆ ಮೂರು ನಿಮಿಷ ಹಗುರ, ಒಟ್ಟು ನಾಲ್ಕು ಸಲ. ಲೆಕ್ಕ ಹಾಕಿದರೆ 25 ನಿಮಿಷ. ಮುಂದೆ 10 ನಿಮಿಷ ವಾರ್ಮಪ್, ಹಿಂದೆ 8 ನಿಮಿಷ ನಿಧಾನ. ಮುಕ್ಕಾಲು ಗಂಟೆಯೊಳಗೆ ಮುಗಿಯಿತು. ನನ್ನನ್ನು ಕೇಳಿದರೆ, ವಾರಕ್ಕೆ ಒಂದೇ ಗಟ್ಟಿ ವರ್ಕೌಟ್ ಮಾಡಲು ಟೈಮ್ ಇರುವವರು ಇದೊಂದನ್ನೇ ಮಾಡಲಿ.

ಎರಡು ಗಟ್ಟಿ ದಿನಗಳ ನಡುವೆ 48 ತಾಸಾದರೂ ಇರಲಿ. ಮಂಗಳವಾರ, ಶುಕ್ರವಾರ ಇಟ್ಟುಕೊಂಡರೆ ಹೆಚ್ಚಿನವರಿಗೆ ಸರಿ ಹೊಂದುತ್ತದೆ. ಆ ದಿನ ನಿದ್ದೆ ಸರಿ ಆಗಿಲ್ಲದಿದ್ದರೆ, ಜ್ವರ ಇದ್ದರೆ, ಗಟ್ಟಿ ದಿನವನ್ನು ಹಗುರ ಮಾಡಿ. ಅದನ್ನು ಮರುದಿನಕ್ಕೆ ಸಾಲ ಅಂತ ಇಟ್ಟುಕೊಳ್ಳಬೇಡಿ.

ಮೂರನೇ ನಿಮಿಷಕ್ಕೆ ಮನಸ್ಸು ‘ಬಿಡು’ ಅನ್ನುತ್ತದೆ. ಆಗ ಏನು ಮಾಡುವುದು?

ಕಂಫರ್ಟ್ ಝೋನ್ ಬಿಡಿ ಅಂತ ಗೋಡೆ ಮೇಲೆ ಬರೆಯುವುದು ಸುಲಭ. ಬಿಡುವ ಜಾಗ ಇದೇ ಮೂರನೇ ನಿಮಿಷ. ಮೊದಲ ನಿಮಿಷ ಉತ್ಸಾಹದಲ್ಲಿ ಹೋಗುತ್ತದೆ, ಕೊನೆಯದು ಮುಗಿಯುತ್ತದೆಂಬ ಆಸೆಯಲ್ಲಿ ಹೋಗುತ್ತದೆ. ಮೂರನೆಯದಕ್ಕೆ ಯಾರ ಆಸರೆಯೂ ಇಲ್ಲ.

ಅರ್ಧ ತಪ್ಪು ಅಲ್ಲಿ ಆಗಿರುವುದಿಲ್ಲ, ಮೊದಲ ನಿಮಿಷದಲ್ಲಿ ಆಗಿರುತ್ತದೆ. ಮೊದಲ ಇಂಟರ್ವಲ್ ಅನ್ನು ‘ಇಷ್ಟೇನಾ?’ ಅನ್ನಿಸುವಷ್ಟರಲ್ಲಿ ಮುಗಿಸಿ. ನಾಲ್ಕನೆಯದರ ವ್ಯಾಟ್ (ಪೆಡಲ್‌ಗೆ ಹಾಕುವ ಶಕ್ತಿಯ ಅಂಕಿ) ಮೊದಲನೆಯದಕ್ಕೆ ಸಮ ಇದ್ದರೆ ಆ ದಿನ ಗೆದ್ದ ಹಾಗೆ. ಮೊದಲನೆಯದರಲ್ಲಿ 200 ವ್ಯಾಟ್, ಕೊನೆಯದರಲ್ಲಿ 130 ಬಂದರೆ ಅದು ಧೈರ್ಯ ಅಲ್ಲ, ಲೆಕ್ಕ ತಪ್ಪಿದ್ದು.

ನಮ್ಮಲ್ಲಿ ಇರುವುದು ಒಂದೇ ನಿಯಮ: ಆಗದಿದ್ದರೆ ನಾಬ್ ಎಡಕ್ಕೆ ತಿರುಗಿಸಿ, ಕಾಲು ನಿಲ್ಲಿಸಬೇಡಿ. ಲೋಡ್ ಇಳಿಸಿ ಹತ್ತು ಉಸಿರು ತುಳಿದರೆ ಹೆಚ್ಚಿನ ಸಲ ಮತ್ತೆ ಏರಿಸಬಹುದು. ಗಡಿಯಾರ ನೋಡಬೇಡಿ, ಪೆಡಲ್ ಎಣಿಸಿ. ಬಲಗಾಲು ಇಪ್ಪತ್ತು ಸಲ ಕೆಳಗೆ ಬಂದರೆ ಹದಿನೈದು ಸೆಕೆಂಡ್ ಆಚೆ ಈಚೆ ಕಳೆಯಿತು. ಬಾಯಿಂದ ಉಸಿರು ಜೋರಾಗಿ ಹೊರಗೆ ಬಿಡಿ, ಒಳಗೆ ತಾನಾಗಿ ಬರುತ್ತದೆ. ಹ್ಯಾಂಡಲ್ ಮೇಲಿನ ಹಿಡಿತ ಸಡಿಲ ಬಿಡಿ. ಹೊಸಬರು ಹ್ಯಾಂಡಲ್ ಹಿಡಿಯುವ ಜೋರು ನೋಡಿದರೆ ಬೈಕು ಓಡಿ ಹೋಗುತ್ತದೆ ಅಂದುಕೊಂಡ ಹಾಗಿರುತ್ತದೆ.

ಸೀಟು ಎಷ್ಟು ಎತ್ತರ ಇರಬೇಕು?

ಸೈಕಲ್ ಪಕ್ಕ ನಿಂತಾಗ ಸೀಟು ನಿಮ್ಮ ಸೊಂಟದ ಮೂಳೆ ಮಟ್ಟಕ್ಕೆ ಬರಲಿ, ಅದು ಆರಂಭ. ಹತ್ತಿ ಕೂತು ಹಿಮ್ಮಡಿಯನ್ನು ಪೆಡಲ್ ಮೇಲಿಡಿ. ಪೆಡಲ್ ಪೂರ್ತಿ ಕೆಳಗಿರುವಾಗ ಕಾಲು ನೇರ ಆಗಬೇಕು. ಈಗ ಪಾದದ ಮುಂಭಾಗ ಇಟ್ಟರೆ ಮೊಣಕಾಲು ಸ್ವಲ್ಪ ಬಾಗಿರುತ್ತದೆ, 25ರಿಂದ 35 ಡಿಗ್ರಿ. ಸರಿ ಇದೆ. ತುಳಿಯುವಾಗ ಸೊಂಟ ಎಡಕ್ಕೂ ಬಲಕ್ಕೂ ಓಲಾಡಿದರೆ ಸೀಟು ಎತ್ತರ ಆಗಿದೆ.

ಮೊಣಕಾಲಿನ ಮುಂದೆ ನೋವು ಬಂದರೆ ಸಾಮಾನ್ಯವಾಗಿ ಸೀಟು ಕೆಳಗಿದೆ, ಹಿಂದೆ ಬಂದರೆ ಮೇಲಿದೆ. ಹ್ಯಾಂಡಲ್ ಮೊದಮೊದಲು ಸೀಟಿಗಿಂತ ಎತ್ತರವೇ ಇರಲಿ, ಬೆನ್ನು ಉಳಿಯುತ್ತದೆ. ನಿಮ್ಮ ಸೀಟಿನ ನಂಬರ್ ಫೋನಿನಲ್ಲಿ ಬರೆದಿಟ್ಟುಕೊಳ್ಳಿ. ಹಿಂದಿನ ಬ್ಯಾಚಿನ ಆರಡಿ ಹುಡುಗ ಬಿಟ್ಟು ಹೋದ ಎತ್ತರದಲ್ಲೇ ಕೂತು ತುಳಿಯುವವರು ಬಹಳ.

ಲೋಡ್ ಇಲ್ಲದೆ ಜೋರಾಗಿ ಕಾಲು ಬೀಸಿದರೆ ಸಾಲದಾ?

ಸಾಲದು. ಲೋಡ್ ಇಲ್ಲದ 120 ಆರ್‌ಪಿಎಂನಲ್ಲಿ (ನಿಮಿಷಕ್ಕೆ ಪೆಡಲ್‌ನ 120 ಸುತ್ತು) ಕೆಲಸ ಮಾಡುವುದು ಫ್ಲೈವ್ಹೀಲ್ ಅನ್ನುವ ಭಾರದ ಚಕ್ರ, ನೀವಲ್ಲ. ಸೀಟಿನ ಮೇಲೆ ಕುಪ್ಪಳಿಸುತ್ತಿದ್ದರೆ ಅದೇ ಗುರುತು. ಸಪಾಟು ರಸ್ತೆಯ ಹಾಗೆ ತುಳಿಯುವಾಗ 80ರಿಂದ 100, ಏರಿನ ಹಾಗೆ ತುಳಿಯುವಾಗ 60ರಿಂದ 80 ಸಾಕು.

ಇನ್ನೊಂದು ಮುಖ್ಯ ಮಾತು. ಸ್ಪಿನ್ ಬೈಕುಗಳಲ್ಲಿ, ಅಂದರೆ ಇಂಥ ಭಾರದ ಚಕ್ರದ ಜಿಮ್ ಸೈಕಲ್‌ಗಳಲ್ಲಿ, ಸಾಮಾನ್ಯವಾಗಿ ಚಕ್ರ ತಿರುಗುವವರೆಗೆ ಪೆಡಲ್ ಕೂಡ ತಿರುಗುತ್ತಲೇ ಇರುತ್ತದೆ. ರಸ್ತೆ ಸೈಕಲ್ ಹಾಗೆ ಕಾಲು ನಿಲ್ಲಿಸಲು ಹೋದರೆ ಮೊಣಕಾಲಿಗೆ ಏಟು. ನಿಲ್ಲಿಸಲು ನಾಬ್ ಅನ್ನು ಕೆಳಗೆ ಒತ್ತಬೇಕು. ಹತ್ತುವ ಮೊದಲು ಅದನ್ನು ಒಮ್ಮೆ ಒತ್ತಿ ನೋಡಿ.

ಯಾವ ನೋವು ಸರಿ, ಯಾವುದು ತಪ್ಪು?

ತೊಡೆ ಉರಿಯುವುದು ಸರಿ. ಮರುದಿನ ಮೆಟ್ಟಿಲು ಇಳಿಯುವಾಗ ‘ಅಯ್ಯೋ’ ಅನ್ನುವುದೂ ಸರಿ. ಒಂದೇ ಜಾಗದಲ್ಲಿ ಚುಚ್ಚುವ ನೋವು, ಕೀಲಿನ ನೋವು, ಕಾಲು ಜೋಮು ಹಿಡಿಯುವುದು, ಇವು ಬಂದರೆ ಇಳಿದು ಸೀಟು, ಶೂ, ಪೆಡಲ್ ಪಟ್ಟಿ ನೋಡಿ.

ಎದೆ ಬಿಗಿತ, ಎಡಗೈಗೋ ದವಡೆಗೋ ಹರಿಯುವ ನೋವು, ತಲೆ ಸುತ್ತಿ ಕತ್ತಲೆ ಬರುವುದು, ಬಡಿತ ತಪ್ಪಿ ತಪ್ಪಿ ಹೊಡೆಯುವುದು, ಇಂಥದ್ದಾದರೆ ವರ್ಕೌಟ್ ಮುಗಿಯಿತು. ಗ್ಯಾಸ್ ಇರಬೇಕು ಅಂತ ಸೋಡಾ ಕುಡಿಯುತ್ತಾ ಕೂಡಬೇಡಿ. ಯಾರನ್ನಾದರೂ ಜೊತೆಗೆ ಕರೆದುಕೊಂಡು ಕೂಡಲೇ ಆಸ್ಪತ್ರೆಗೆ ಹೋಗಿ.

ಇನ್ನೊಂದು ಅಪಾಯ ಹೊಸಬರಿಗೆ ಗೊತ್ತೇ ಇರುವುದಿಲ್ಲ. ರೂಢಿ ಇಲ್ಲದ ಕಾಲಿನಲ್ಲಿ ಮೊದಲ ದಿನವೇ ಪೂರ್ತಿ ಕ್ಲಾಸ್ ಜಿದ್ದಿನಿಂದ ಮಾಡಿದರೆ, ತೊಡೆಯ ಸ್ನಾಯು ಒಡೆದು ಅದರ ಅಂಶ ರಕ್ತಕ್ಕೆ ಸೇರಿ ಕಿಡ್ನಿಗೆ ಹೊರೆಯಾಗಬಹುದು. ಇದಕ್ಕೆ ರ‍್ಯಾಬ್ಡೊಮಯೋಲಿಸಿಸ್ ಅನ್ನುತ್ತಾರೆ. ಒಂದೆರಡು ದಿನದಲ್ಲಿ ತೊಡೆ ಬಾತು, ಮುಟ್ಟಲಾಗದಷ್ಟು ನೋವು, ಮೂತ್ರ ಕಪ್ಪು ಚಹಾದ ಬಣ್ಣಕ್ಕೆ ತಿರುಗಿದರೆ ಒಂದು ಗಂಟೆಯೂ ಕಾಯಬೇಡಿ. ಅಪರೂಪ ನಿಜ, ಆದರೆ ಮೊದಲ ಸಲ ಸ್ಪಿನ್ ಕ್ಲಾಸಿಗೆ ಹೋದವರಲ್ಲೇ ಇದು ಹಲವು ಸಲ ದಾಖಲಾಗಿದೆ. ಹೊಸಬರನ್ನು ಇಪ್ಪತ್ತು ನಿಮಿಷಕ್ಕೆ ಇಳಿಸಿ ಕಳಿಸುವುದಕ್ಕೆ ಇದೇ ಕಾರಣ. ಫೀ ಪೂರ್ತಿ ತಗೊಂಡು ಅರ್ಧ ಕ್ಲಾಸ್ ಮಾಡಿಸುತ್ತಾರೆ ಅಂತ ಗೊಣಗುವವರು ಇದನ್ನು ಎರಡು ಸಲ ಓದಿ.

ನನಗೆ 48. ಬಿಪಿ ಮಾತ್ರೆ ತಗೋತೀನಿ, ಸಕ್ಕರೆ ಸ್ವಲ್ಪ ಜಾಸ್ತಿ ಇದೆ. ಮಾಡಬಹುದಾ?

ಹಗುರ ತುಳಿತ ಹೆಚ್ಚಿನವರಿಗೆ ಒಳ್ಳೆಯದೇ. ಗಟ್ಟಿ ವರ್ಕೌಟಿಗೆ ಮಾತ್ರ ಮೊದಲು ನಿಮ್ಮ ಡಾಕ್ಟರನ್ನು ಕೇಳಿ. ‘ವಾಕಿಂಗ್ ಮಾಡಬಹುದಾ’ ಅಂತ ಕೇಳಬೇಡಿ, ಅದಕ್ಕೆ ಎಲ್ಲರೂ ಹೂಂ ಅನ್ನುತ್ತಾರೆ. ‘ಏದುಸಿರು ಬರುವ ಹಾಗೆ ನಾಲ್ಕು ನಿಮಿಷ ತುಳಿಯಬಹುದಾ’ ಅಂತ ಕೇಳಿ.

ಬಿಪಿ ಮಾತ್ರೆ ಬೀಟಾ ಬ್ಲಾಕರ್ ಆಗಿದ್ದರೆ ಹೃದಯ ಬಡಿತ ಅಷ್ಟಾಗಿ ಮೇಲೆ ಹೋಗುವುದಿಲ್ಲ, ಸೂತ್ರದ ಅಂಕಿ ಬೆನ್ನು ಹತ್ತಬೇಡಿ. ಮಾತಿನ ಪರೀಕ್ಷೆಯೇ ನಿಮಗೆ ಸರಿ. ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಕೆಲವು ಮಾತ್ರೆ ತೆಗೆದುಕೊಳ್ಳುವವರಿಗೆ ವರ್ಕೌಟ್ ಆದ ಎಷ್ಟೋ ತಾಸಿನ ಮೇಲೂ ಸಕ್ಕರೆ ಇಳಿಯಬಹುದು. ಕಿಸೆಯಲ್ಲಿ ಗ್ಲೂಕೋಸ್ ಇರಲಿ. ತುಳಿದ ತಕ್ಷಣ ಅಂಕಿ ಸ್ವಲ್ಪ ಏರಿದ್ದು ಕಂಡರೆ ಗಾಬರಿ ಬೇಡ, ಗಟ್ಟಿ ಶ್ರಮದಲ್ಲಿ ಹಾಗೂ ಆಗುತ್ತದೆ. ಸಕ್ಕರೆಯಿಂದ ಕಣ್ಣಿಗೆ ತೊಂದರೆ ಆಗಿದ್ದವರು ಕಣ್ಣಿನ ಡಾಕ್ಟರನ್ನೂ ಕೇಳಲೇಬೇಕು.

ಏನು ತಿಂದು ಬರಬೇಕು?

ಬೆಳಗಿನ ಬ್ಯಾಚಿಗೆ ಒಂದು ಬಾಳೆಹಣ್ಣು, ಅರ್ಧ ಕಪ್ ಚಹಾ ಸಾಕು. ಸಂಜೆಯವರದ್ದೇ ಸಮಸ್ಯೆ. ಐದಕ್ಕೆ ಗಿರ್ಮಿಟ್, ಜೊತೆಗೆ ಎರಡು ಮಿರ್ಚಿ ಭಜಿ, ಆರಕ್ಕೆ ಇಂಟರ್ವಲ್. ಮೂರನೇ ನಿಮಿಷದಲ್ಲಿ ಆ ಮಿರ್ಚಿ ತನ್ನ ಹಾಜರಿ ಹಾಕುತ್ತದೆ. ಗಿರ್ಮಿಟ್ ಬೇಕಾದರೆ ವರ್ಕೌಟ್ ಆದ ಮೇಲೆ ತಿನ್ನಿ, ನಾನೂ ಬರುತ್ತೇನೆ. ಮೊದಲು ಬೇಕು ಅಂದರೆ ಒಂದೂವರೆ ತಾಸು ಮುಂಚೆ ಸ್ವಲ್ಪ ಅವಲಕ್ಕಿ ತಿನ್ನಿ. ಮುಗಿದ ಮೇಲೆ ಮಜ್ಜಿಗೆಗೆ ಉಪ್ಪು ಹಾಕಿ ಕುಡಿಯಿರಿ. ರಾತ್ರಿ ರೊಟ್ಟಿ, ಕಾಳು ಪಲ್ಯ, ಮೊಸರು ಇದ್ದರೆ ಪೌಡರ್ ಡಬ್ಬಿ ಕೊಳ್ಳುವ ಅವಸರ ಇಲ್ಲ.

ಬೇಸಿಗೆಯಲ್ಲಿ, ಕರೆಂಟ್ ಹೋದಾಗ?

ನೀವು ಪೆಡಲ್‌ಗೆ 150 ವ್ಯಾಟ್ ಹಾಕುವಾಗ ದೇಹ ಅದರ ಮೂರು ನಾಲ್ಕು ಪಟ್ಟು ಶಾಖ ಹುಟ್ಟಿಸುತ್ತಿರುತ್ತದೆ. ಹೊರಗಾದರೆ ಗಾಳಿ ಅದನ್ನು ಒಯ್ಯುತ್ತದೆ. ಒಳಗೆ ಫ್ಯಾನೇ ಗತಿ. ನಾಬ್ ಇರುವ ಸ್ಪಿನ್ ಬೈಕ್ ಕರೆಂಟ್ ಇಲ್ಲದೆಯೂ ತಿರುಗುತ್ತದೆ, ಹೀಗಾಗಿ ಜನ ತುಳಿಯುತ್ತಲೇ ಇರುತ್ತಾರೆ. ಫ್ಯಾನ್ ನಿಂತರೆ ಇಂಟರ್ವಲ್ ನಿಲ್ಲಿಸಿ ಹಗುರ ತುಳಿಯಿರಿ. ಮಾರ್ಚ್‌ನಿಂದ ಮೇ ತನಕ ಗಟ್ಟಿ ದಿನ ಬೆಳಗ್ಗೆಯೇ ಇಟ್ಟುಕೊಳ್ಳಿ. ಅದೇ ಲೋಡಿಗೆ ಬಡಿತ ಏರಿದರೆ ಅದು ಸೆಕೆಯ ಕೆಲಸ. ಸ್ನಾನದ ವಿಷಯ ಮಾತ್ರ ನಾನು ಏನೂ ಹೇಳಲಾರೆ. ನಲ್ಲಿ ನೀರು ಯಾವ ದಿನ ಬರುತ್ತದೆ ಅಂತ ನೋಡಿಕೊಂಡು ವರ್ಕೌಟ್ ದಿನ ಇಟ್ಟುಕೊಂಡವರೂ ನಮ್ಮಲ್ಲಿದ್ದಾರೆ.

ಹೆಣ್ಣುಮಕ್ಕಳು ಜೋರಾಗಿ ತುಳಿದರೆ ತೊಡೆ ದಪ್ಪ ಆಗುತ್ತದಾ?

ಇಲ್ಲ ಅಕ್ಕಾರ. ಸ್ನಾಯು ಕಣ್ಣಿಗೆ ಕಾಣುವಷ್ಟು ಬೆಳೆಯಲು ಭಾರ ಎತ್ತಬೇಕು, ಅದಕ್ಕೆ ತಕ್ಕ ಊಟ ಬೇಕು, ವರ್ಷಗಟ್ಟಲೆ ಬೇಕು. ಚೂಡಿದಾರದಲ್ಲಿ ತುಳಿಯಬಹುದು, ಪ್ಯಾಂಟಿನ ತುದಿಗೆ ಒಂದು ರಬ್ಬರ್ ಬ್ಯಾಂಡ್ ಹಾಕಿ. ದುಪಟ್ಟಾ ಮಾತ್ರ ತೆಗೆದಿಡಿ, ಪೆಡಲಿಗೆ ಸಿಕ್ಕರೆ ಎಳೆದುಕೊಳ್ಳುತ್ತದೆ. ಮುಟ್ಟಿನ ದಿನ ಮಾಡಬಾರದು ಅಂತ ಏನಿಲ್ಲ. ಮೈ ಒಪ್ಪಿದರೆ ಮಾಡಿ, ಇಲ್ಲದಿದ್ದರೆ ಹಗುರ ತುಳಿಯಿರಿ. ಬಸುರಿಯರಿಗೆ ಗಟ್ಟಿ ಬ್ಯಾಚ್ ಬೇಡ, ಡಾಕ್ಟರ್ ಹೇಳಿದಷ್ಟು.

ಮಷಿನ್ 700 ಕ್ಯಾಲರಿ ತೋರಿಸುತ್ತದೆ. ನಂಬಬಹುದಾ?

ವ್ಯಾಟ್ ಅಳೆಯದ ಮಷಿನ್ ಆದರೆ ನಂಬಬೇಡಿ. ಅಳೆಯುವುದಾದರೆ ನೀವೇ ಲೆಕ್ಕ ಹಾಕಿ. ಸರಾಸರಿ 120 ವ್ಯಾಟ್‌ನಲ್ಲಿ 45 ನಿಮಿಷ ತುಳಿದರೆ 324 ಕಿಲೋಜೂಲ್ ಕೆಲಸ. ದೇಹ ಉರಿಸುವ ಕ್ಯಾಲರಿ ಕೂಡ ಹೆಚ್ಚೂ ಕಡಿಮೆ ಅಷ್ಟೇ, ಮುನ್ನೂರರ ಚಿಲ್ಲರೆ. ಲೈನ್ ಬಜಾರಿನ ಪೇಡೆ ಪೊಟ್ಟಣದ ಎದುರು ಇದು ಯಾವ ಲೆಕ್ಕ? ತೂಕ ಇಳಿಯುವುದು ಬಹುಪಾಲು ತಟ್ಟೆಯಲ್ಲಿ. ಈ ವರ್ಕೌಟ್ ಕೊಡುವುದು ದಮ್ಮು.

ಮನೆಗೇ ಒಂದು ಸೈಕಲ್ ತಗೊಳ್ಳಲಾ?

ಮೂರು ತಿಂಗಳು ಜಿಮ್‌ನಲ್ಲಿ ತುಳಿದ ಮೇಲೂ ಆಸೆ ಉಳಿದಿದ್ದರೆ ತಗೊಳ್ಳಿ. ಈ ಊರಲ್ಲಿ ಬಟ್ಟೆ ಒಣಗಿಸುವ ಸೈಕಲ್‌ಗಳು ಈಗಾಗಲೇ ಸಾಕಷ್ಟಿವೆ. ಚೈನಿಗಿಂತ ಬೆಲ್ಟ್ ಇರುವುದು, ಪ್ಯಾಡ್ ಬ್ರೇಕಿಗಿಂತ ಮ್ಯಾಗ್ನೆಟ್ ಇರುವುದು ಸದ್ದು ಕಡಿಮೆ ಮಾಡುತ್ತದೆ. ಕೆಳಗಿನ ಮನೆಯವರಿದ್ದರೆ ಇದನ್ನು ನೋಡಲೇಬೇಕು. ಹಳೆಯದು ಕೊಳ್ಳುವಾಗ ಎದ್ದು ನಿಂತು ತುಳಿದು ನೋಡಿ. ಕಟಕಟ ಅಂದರೆ ಬಿಡಿ.

ಮುಂದೆ ಹೋಗುತ್ತಿದ್ದೇನೆ ಅಂತ ಹೇಗೆ ಗೊತ್ತಾಗುತ್ತದೆ?

ಗಟ್ಟಿ ಇಂಟರ್ವಲ್ ಮುಗಿದ ಒಂದು ನಿಮಿಷಕ್ಕೆ ಬಡಿತ ಎಷ್ಟು ಇಳಿಯಿತು ಅಂತ ಬರೆದಿಡಿ. ವಾರಗಳು ಕಳೆದಂತೆ ಜಾಸ್ತಿ ಇಳಿಯಬೇಕು. ವ್ಯಾಟ್ ಮೀಟರ್ ಇದ್ದರೆ ಆರೆಂಟು ವಾರಕ್ಕೊಮ್ಮೆ 20 ನಿಮಿಷ ಸಾಧ್ಯವಾದಷ್ಟು ಜೋರಾಗಿ, ಒಂದೇ ಸಮ ತುಳಿಯಿರಿ. ಸರಾಸರಿಯ 95 ಪ್ರತಿಶತವನ್ನು ಎಫ್‌ಟಿಪಿ ಅನ್ನುತ್ತಾರೆ, ಅಂದರೆ ಸುಮಾರು ಒಂದು ತಾಸು ಒಂದೇ ಸಮ ಹಾಕಬಲ್ಲ ಶಕ್ತಿಯ ಅಂದಾಜು. ಏನೂ ಇಲ್ಲದವರು ನೃಪತುಂಗ ಬೆಟ್ಟ ಹತ್ತಿ. ಅರ್ಧಕ್ಕೆ ನಿಲ್ಲುತ್ತಿದ್ದವರು ನಿಲ್ಲದೆ ಹತ್ತಿದರೆ ಬೇರೆ ಮೀಟರ್ ಯಾಕೆ?

ಮದುವೆ ಸೀಸನ್, ಹಬ್ಬ ಅಂತ ಮೂರು ವಾರ ಬಿಟ್ಟು ಹೋಯಿತು. ಮತ್ತೆ ಒಂದರಿಂದ ಶುರು ಮಾಡಬೇಕಾ?

ಒಂದರಿಂದ ಬೇಡ. ಎರಡು ವಾರದ ಮೇಲೆ ದಮ್ಮು ಇಳಿಯಲು ಶುರುವಾಗುತ್ತದೆ, ಆದರೆ ಮೊದಲ ಸಲ ಗಳಿಸಿದ್ದಕ್ಕಿಂತ ಬೇಗ ವಾಪಸ್ ಬರುತ್ತದೆ. ಮೊದಲ ವಾರ ಬರೀ ಹಗುರ. ಎರಡನೇ ವಾರ ಒಂದೇ ಗಟ್ಟಿ ದಿನ, ನಾಲ್ಕರ ಬದಲು ಎರಡು ಇಂಟರ್ವಲ್. ಮೂರನೇ ವಾರದಿಂದ ಮೊದಲಿನ ಹಾಗೆ. ಬಿಡುವುದು ಮೊದಲೇ ಗೊತ್ತಿದ್ದರೆ ನನಗೆ ಒಂದು ಮೆಸೇಜ್ ಹಾಕಿ, ನಿಮ್ಮ ಸೈಕಲ್ ಅಷ್ಟು ದಿನ ಕಾಯುವ ಪಟ್ಟಿಯಲ್ಲಿ ಇರುವವರಿಗೆ ಕೊಡುತ್ತೇನೆ.